ಚೀನಾ ಬೇಡ ಅಂದ ಮೇಲೆ ಆ ಪ್ಲಾಸ್ಟಿಕ್ ಕಸ ಎಲ್ಲಿಗೆ ಹೋಯಿತು?

ಬೇರೆ ದೇಶದ ಪ್ಲಾಸ್ಟಿಕ್ ಕಸವನ್ನು ದುಡ್ಡು ಕೊಟ್ಟು ಯಾಕೆ ತರಿಸಿಕೊಳ್ಳುತ್ತಾರೆ, ಚೀನಾ ನಿಲ್ಲಿಸಿದ ಮೇಲೆ ಅದೆಲ್ಲ ಎಲ್ಲಿಗೆ ಹೋಯಿತು ಅಂತ ಕೇಳಿದ್ದೀರಿ.

ಚೀನಾದಿಂದ ಸರಕು ಹೊತ್ತು ಯುರೋಪ್, ಅಮೆರಿಕಕ್ಕೆ ಹೋದ ಕಂಟೇನರ್‌ಗಳು ಎಷ್ಟೋ ಸಲ ಖಾಲಿ ವಾಪಸಾಗುತ್ತಿದ್ದವು. ಹಾಗಾಗಿ ಅವುಗಳಲ್ಲಿ ಕಸ ತುಂಬಿ ಚೀನಾಕ್ಕೆ ಕಳಿಸೋಕೆ ಬಾಡಿಗೆ ಅಗ್ಗ. ಚೀನಾದ ಕಾರ್ಖಾನೆಗಳಿಗೂ ಕಚ್ಚಾ ಮಾಲು ಬೇಕಿತ್ತು.

ತೊಂದರೆ ಇರೋದು ವಿಂಗಡಣೆಯಲ್ಲಿ. ಒಂದು ನೀರಿನ ಬಾಟಲಿ ಕೈಗೆ ತಗೊಂಡು ನೋಡಿ. ಬಾಟಲಿ ಪೆಟ್ (PET) ಅನ್ನೋ ಪ್ಲಾಸ್ಟಿಕ್, ಮುಚ್ಚಳ ಬೇರೆ ಜಾತಿಯ ಪ್ಲಾಸ್ಟಿಕ್. ಚೂರು ಮಾಡಿ ನೀರಿಗೆ ಹಾಕಿದರೆ ಪೆಟ್ ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಹೀಗೆ ಬೇರೆ ಮಾಡಿ ತೊಳೆದ ಮಾಲಿಗೆ ಬೆಲೆ ಇದೆ. ಜಿಡ್ಡು ಹಿಡಿದ ಡಬ್ಬಿ, ಪದರ ಪದರದ ಚಿಪ್ಸ್ ಪ್ಯಾಕೆಟ್ ಯಾರಿಗೂ ಬೇಡ. ಆದರೂ ಮರುಬಳಕೆಗೆ ಅಂತ ಹೇಳಿ ಅದನ್ನೂ ಸೇರಿಸಿ ಕಳಿಸುತ್ತಿದ್ದರು. ನನಗೆ ಸಿಟ್ಟು ಬರೋದು ಇಲ್ಲೇ.

2018ರಲ್ಲಿ ಚೀನಾ ಬಾಗಿಲು ಹಾಕಿತು. ಕಸ ಮಲೇಷ್ಯಾ, ಥಾಯ್ಲೆಂಡ್, ವಿಯೆಟ್ನಾಂ ಕಡೆ ತಿರುಗಿತು. ಮಲೇಷ್ಯಾದ ಜೆಂಜಾರೊಮ್ ಊರಲ್ಲಿ ಪರವಾನಗಿ ಇಲ್ಲದ ಘಟಕಗಳು ಎದ್ದವು. ಬೇಡದ ಪ್ಲಾಸ್ಟಿಕ್ ಸುಟ್ಟ ಹೊಗೆ ಕುಡಿದ ಊರವರೇ ದೂರು ಕೊಟ್ಟು ಅವನ್ನು ಮುಚ್ಚಿಸಲು ಓಡಾಡಿದರು. 2020ರ ಜನವರಿ ಹೊತ್ತಿಗೆ ಮಲೇಷ್ಯಾ 150 ಕಂಟೇನರ್ ಕಸವನ್ನು ಕಳಿಸಿದ ದೇಶಗಳಿಗೇ ವಾಪಸ್ ಮಾಡಿತ್ತು.

2021ರ ಜನವರಿಯಿಂದ, ದೇಶದಿಂದ ದೇಶಕ್ಕೆ ಕಸ ಸಾಗಿಸೋದರ ಮೇಲಿನ ಅಂತರರಾಷ್ಟ್ರೀಯ ಬಾಸೆಲ್ ಒಪ್ಪಂದದ ಪ್ರಕಾರ, ಕೊಳೆಯಾದ, ಬೆರಕೆ ಪ್ಲಾಸ್ಟಿಕ್ ಕಳಿಸೋಕೆ ಮುಂಚೆ ತರಿಸಿಕೊಳ್ಳುವ ದೇಶದ ಒಪ್ಪಿಗೆ ಬೇಕು. ಆದರೆ ಅಮೆರಿಕ ಇನ್ನೂ ಆ ಒಪ್ಪಂದಕ್ಕೆ ಸೇರಿಲ್ಲ. ಅಷ್ಟು ದೊಡ್ಡ ದೇಶ ಹೊರಗೇ ಉಳಿದಿರೋದು ತಪ್ಪು ಅಲ್ವಾ?