ಎಲ್ಲಿ ನಿಂತು ಪ್ರಾರ್ಥಿಸಿದರು, ಅದನ್ನು ಬರೆಯಿರಿ

ನಮಸ್ಕಾರ,

ನೀವು ಕಳಿಸಿದ ಲೇಖನವನ್ನು ಮೂರು ಸಲ ಓದಿದೆ. ಕೊನೆಯ ಸಲ ಓದಿದ್ದು ನಿನ್ನೆ, ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬರುವ ಬಸ್ಸಿನಲ್ಲಿ. ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ. ಎರಡು ಪುಟ ಹೊಗಳಿ ಕೊನೆಯಲ್ಲಿ 'ಆದರೆ' ಅನ್ನುವ ಪತ್ರಗಳು ನನಗೂ ಬಂದಿದ್ದವು, ಅವುಗಳಿಂದ ನಾನು ಏನೂ ಕಲಿಯಲಿಲ್ಲ. ಹಾಗಂತ ಇದನ್ನು ಕೈಬಿಡಿ ಅನ್ನುತ್ತಿಲ್ಲ. ಕೈಬಿಡಬೇಕಾದ ಲೇಖನಕ್ಕೆ ಇಷ್ಟು ಉದ್ದ ಉತ್ತರ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಯುದ್ಧ ಬೇಡ ಅಂತ ಆಯುಧ ಹಿಡಿಯದೆ ಎದುರು ನಿಂತ ಕ್ರೈಸ್ತರ ಬಗ್ಗೆ ಬರೆದಿದ್ದೀರಿ. ಅಮೆರಿಕದ ಪಾದ್ರಿಗಳು, ಆಸ್ಟ್ರಿಯಾದ ಒಬ್ಬ ರೈತ, ಲೈಬೀರಿಯಾದ ಹೆಂಗಸರು, ಕೊನೆಗೆ ನಿಮ್ಮೂರಿನ ಇಗರ್ಜಿಯ ಮುಂದೆ ಮಳೆಯಲ್ಲಿ ಮೊಂಬತ್ತಿ ಹಿಡಿದು ನಿಂತ ಹನ್ನೊಂದು ಜನ. ವಿಷಯ ಬಹಳ ಒಳ್ಳೆಯದು. ಕನ್ನಡದಲ್ಲಿ ಇದರ ಬಗ್ಗೆ ಓದಲು ಸಿಗುವುದು ಕಡಿಮೆ. ನನಗೆ ಇದು ಬೇಕು, ಅದಕ್ಕೇ ಇಷ್ಟು ಕಟ್ಟುನಿಟ್ಟಾಗಿ ಓದಿದ್ದೇನೆ.

ನನ್ನ ದೊಡ್ಡ ತಕರಾರು ಒಂದೇ. ನಿಮ್ಮ ಲೇಖನದಲ್ಲಿ ಎಲ್ಲರೂ ಪ್ರಾರ್ಥನೆ ಮಾಡುತ್ತಾರೆ, ಆದರೆ ಎಲ್ಲಿ ನಿಂತು ಮಾಡುತ್ತಾರೆ ಅನ್ನುವುದೇ ಇಲ್ಲ. 'ಪ್ರಾರ್ಥನೆಯ ಶಕ್ತಿ', 'ಪ್ರಾರ್ಥನೆಯ ಬೆಳಕು', 'ಪ್ರಾರ್ಥನೆಯ ಮೂಲಕ ಶಾಂತಿ ಸಾರಿದರು'. ಇವನ್ನೆಲ್ಲ ಹೊಡೆದುಹಾಕಿ ಓದಿ ನೋಡಿದೆ, ಲೇಖನದಲ್ಲಿ ಏನೂ ಕಡಿಮೆಯಾಗಲಿಲ್ಲ. ಮನೆಯಲ್ಲಿ ದೇವರ ಪಟದ ಮುಂದೆ ಕೂತು ಯುದ್ಧ ನಿಲ್ಲಲಿ ಅಂತ ಬೇಡುವುದನ್ನು ನಾನು ಸಣ್ಣದು ಮಾಡುತ್ತಿಲ್ಲ. ಆದರೆ ನೀವು ಆರಿಸಿಕೊಂಡ ಜನ ಅದೇ ಪ್ರಾರ್ಥನೆಯನ್ನು ಹೊತ್ತುಕೊಂಡು ಎಲ್ಲಿಗೆ ಹೋದರೋ ಅಲ್ಲೇ ಕಥೆ ಇರುವುದು.

ಕೇಟನ್ಸ್‌ವಿಲ್ ತಗೊಳ್ಳಿ. ನೀವು ಬರೆದದ್ದು ಹೀಗೆ: 'ಡೇನಿಯಲ್ ಬೆರಿಗನ್ ಮತ್ತು ಸಂಗಡಿಗರು ಸೇನಾ ದಾಖಲೆಗಳನ್ನು ಸುಟ್ಟು ವಿಶ್ವಶಾಂತಿಯ ಸಂದೇಶ ಸಾರಿದರು.' ಅಷ್ಟೇ, ಮುಂದಿನ ಸಾಲಿಗೆ ಹೋಗಿಬಿಟ್ಟಿದ್ದೀರಿ. ನಿಜವಾಗಿ ನಡೆದದ್ದನ್ನು ನಿಧಾನವಾಗಿ ನೋಡಿ. 1968ರ ಮೇ 17. ಅಮೆರಿಕದ ಮೇರಿಲ್ಯಾಂಡಿನ ಒಂದು ಸಣ್ಣ ಊರು. ವಿಯೆಟ್ನಾಂ ಯುದ್ಧಕ್ಕೆ ಹುಡುಗರನ್ನು ಕಡ್ಡಾಯವಾಗಿ ಕಳಿಸುವ ಕಚೇರಿಗೆ ಒಂಬತ್ತು ಜನ ಕ್ಯಾಥೊಲಿಕರು ನುಗ್ಗುತ್ತಾರೆ. ಅವರಲ್ಲಿ ಡೇನಿಯಲ್, ಫಿಲಿಪ್ ಎಂಬ ಅಣ್ಣತಮ್ಮಂದಿರು, ಇಬ್ಬರೂ ಪಾದ್ರಿಗಳು. 378 ಕಡತಗಳನ್ನು ತಂತಿಬುಟ್ಟಿಗೆ ತುಂಬಿ ಹೊರಗೆ ವಾಹನ ನಿಲ್ಲಿಸುವ ಜಾಗಕ್ಕೆ ತರುತ್ತಾರೆ, ತಾವೇ ಮನೆಯಲ್ಲಿ ತಯಾರಿಸಿದ ನೇಪಾಮ್, ಅಂದರೆ ಮೈಗೆ ಅಂಟಿಕೊಂಡು ಉರಿಯುವ ಪೆಟ್ರೋಲಿನ ಅಂಟು, ಸುರಿದು ಬೆಂಕಿ ಹಚ್ಚುತ್ತಾರೆ. ಯಾಕೆ ನೇಪಾಮ್? ಆ ಹೊತ್ತಿಗೆ ವಿಯೆಟ್ನಾಮಿನ ಹಳ್ಳಿಗಳ ಮೇಲೆ, ಮಕ್ಕಳ ಮೇಲೆ ಅದೇ ಬೀಳುತ್ತಿತ್ತು. ಅದನ್ನು ಇವರು ಕಾಗದದ ಮೇಲೆ ಸುರಿದರು. ನೀವು ಈ ಒಂದು ಮಾತನ್ನೇ ಬಿಟ್ಟಿದ್ದೀರಲ್ಲ, ಬೆಂಕಿಗೆ ಅರ್ಥ ಬರುವುದೇ ಇದರಿಂದ.

ಆಮೇಲೆ ಅವರು ಓಡಲಿಲ್ಲ. ಬೆಂಕಿಯ ಸುತ್ತ ನಿಂತು 'ಪರಲೋಕದಲ್ಲಿರುವ ನಮ್ಮ ತಂದೆಯೇ' ಹೇಳುತ್ತಾ ಪೊಲೀಸರಿಗೆ ಕಾದರು. ಹಚ್ಚಿದ್ದಕ್ಕೂ ಕೈಕೋಳ ಬೀಳುವುದಕ್ಕೂ ನಡುವೆ ಆ ಒಂದಿಷ್ಟು ನಿಮಿಷ ಇದೆಯಲ್ಲ, ನನ್ನ ಪ್ರಕಾರ ನಿಮ್ಮ ಲೇಖನ ಇರಬೇಕಾದದ್ದು ಅಲ್ಲಿ. ಅವರು ಆ ಪ್ರಾರ್ಥನೆಯನ್ನು ಸಾವಿರ ಸಲ ಇಗರ್ಜಿಯ ಒಳಗೆ ಹೇಳಿದ್ದವರು. 'ನಮ್ಮ ತಪ್ಪುಗಳನ್ನು ಕ್ಷಮಿಸು' ಅನ್ನುವ ಮಾತು ಹೊಗೆಯ ಮುಂದೆ, ಜೈಲು ಖಚಿತ ಅಂತ ಗೊತ್ತಿದ್ದಾಗ, ಬಾಯಲ್ಲಿ ಹೇಗೆ ಬರುತ್ತದೆ? ಅವರ ಮನಸ್ಸಿನೊಳಗೆ ಹೊಕ್ಕು ಬರೆಯಬೇಡಿ, ಅದು ನಮಗೆ ಗೊತ್ತಿಲ್ಲ. ಬೆಂಕಿ, ಜನ, ಪ್ರಾರ್ಥನೆ, ಕಾಯುವುದು. ಇಷ್ಟನ್ನು ಬರೆಯಿರಿ ಸಾಕು.

ಇನ್ನೊಂದು ಮಾತು. ಇದನ್ನು ನೀವು ಮುಚ್ಚಿಟ್ಟಿದ್ದೀರಿ ಅನ್ನಿಸಿತು. ಕಡತ ಸುಡುವುದು ಅಹಿಂಸೆಯೇ? ಕಚೇರಿಯಲ್ಲಿ ಕೆಲಸಕ್ಕಿದ್ದ ಹೆಂಗಸರು ತಡೆಯಲು ನೋಡಿದ್ದರು, ಅವರಿಗೆ ಆ ದಿನ ಹೇಗಾಗಿರಬೇಡ? ಈ ಪ್ರಶ್ನೆಯನ್ನು ಯುದ್ಧದ ಪರ ಇದ್ದವರು ಮಾತ್ರ ಕೇಳಲಿಲ್ಲ. ಡೊರೊಥಿ ಡೇ ಕೂಡ ಆಸ್ತಿ ಹಾಳು ಮಾಡುವ ದಾರಿಯ ಬಗ್ಗೆ ಅಳುಕಿದವರೇ. 1933ರಲ್ಲಿ ಕ್ಯಾಥೊಲಿಕ್ ವರ್ಕರ್ ಪತ್ರಿಕೆ ಶುರು ಮಾಡಿ, ಒಂದು ಸೆಂಟಿಗೆ ಮಾರಿ, ಬಡವರಿಗೆ ಊಟ ಹಾಕುತ್ತಾ, ಎರಡನೇ ಮಹಾಯುದ್ಧದಲ್ಲೂ ಯುದ್ಧ ಬೇಡ ಅಂದ ಹೆಂಗಸು ಅವರು. ಅಂಥವರೇ ಅಳುಕಿದ್ದಾರೆ ಅಂದಮೇಲೆ ನೀವು ಅದನ್ನು ಬರೆಯಲು ಹೆದರಬೇಕಾಗಿಲ್ಲ. ನಿಮ್ಮ ನಾಯಕರಿಗೆ ಇದರಿಂದ ಅವಮಾನ ಆಗುವುದಿಲ್ಲ. ಓದುವವರು ಒಂದು ನಿಮಿಷ ಪತ್ರಿಕೆ ಕೆಳಗಿಟ್ಟು ಯೋಚಿಸುತ್ತಾರೆ, ನಮಗೆ ಬೇಕಾದದ್ದು ಅದೇ ಅಲ್ವಾ?

ಓಡದೆ ನಿಂತು ಬಂಧನಕ್ಕೆ ಕಾಯುವುದು ನಮ್ಮ ಜಿಲ್ಲೆಯ ಓದುಗರಿಗೆ ಹೊಸದಲ್ಲ. ಕಾಗೋಡು ಗೊತ್ತಿದೆ ಅವರಿಗೆ. 1951ರಲ್ಲಿ ಸಾಗರ ತಾಲ್ಲೂಕಿನ ಗೇಣಿದಾರರು ಗೇಣಿ ಭತ್ತ ಅಳೆಯುವ ಕೊಳಗದ ಅನ್ಯಾಯಕ್ಕೆ ಎದುರು ನಿಂತರು, ಜೈಲಿಗೆ ಹೋದರು, ಲೋಹಿಯಾ ಬಂದು ಅವರೂ ಬಂಧನಕ್ಕೆ ಒಳಗಾದರು. ಇದನ್ನು ಒಂದು ಸಾಲಿನಲ್ಲಿ ನೆನಪಿಸಿ, ಸಾಕು. ಆದರೆ 'ನಮ್ಮ ನೆಲವೇ ಅಹಿಂಸೆಯ ನೆಲ' ಅಂತ ಬರೆದದ್ದನ್ನು ದಯವಿಟ್ಟು ತೆಗೆಯಿರಿ. ಶಿಕಾರಿಪುರ ತಾಲ್ಲೂಕಿನ ಈಸೂರು ಇದೇ ಜಿಲ್ಲೆಯಲ್ಲಿದೆ. 1942ರಲ್ಲಿ ಅಲ್ಲಿ ಅಧಿಕಾರಿಗಳ ಕೊಲೆ ಆಯಿತು, ಮುಂದಿನ ವರ್ಷ ಐವರನ್ನು ಗಲ್ಲಿಗೇರಿಸಿದರು. ಆ ಮನೆಗಳ ಮೊಮ್ಮಕ್ಕಳು ನಮ್ಮ ಪತ್ರಿಕೆ ಓದುತ್ತಾರೆ. ಚೆಂದ ಕಾಣಲಿ ಅಂತ ಒಂದು ವಾಕ್ಯ ಹಾಕಿದರೆ ಅವರ ಮುಂದೆ ನಿಮ್ಮ ಇಡೀ ಲೇಖನ ಸುಳ್ಳಾಗುತ್ತದೆ.

ಈಗ ಒಂದು ಪದದ ವಿಷಯ. ಪದ ಸಣ್ಣದು, ಆದರೆ ನನಗೆ ಇದು ಮುಖ್ಯ. ಬೈಬಲಿನ ಪ್ರವಾದಿ ಯೆಶಾಯನ ಮಾತನ್ನು 'ಕತ್ತಿಯನ್ನು ನೇಗಿಲಾಗಿಸಿ' ಅಂತ ಹಾಕಿದ್ದೀರಿ. ಮನೆಯಲ್ಲಿ ಕನ್ನಡ ಬೈಬಲ್ ಇರುತ್ತದಲ್ಲ, ತೆಗೆದು ನೋಡಿ. ಅಲ್ಲಿ ಇರುವುದು ಗುಳ. ನೇಗಿಲು ಮರದ್ದು, ಅದನ್ನು ಯಾರೂ ಕತ್ತಿಯಿಂದ ಮಾಡುವುದಿಲ್ಲ. ಗುಳ ಅಂದರೆ ನೇಗಿಲ ತುದಿಗೆ ಹಾಕುವ ಕಬ್ಬಿಣ, ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಡಿದು ಮಾಡುವಂಥದ್ದು. ನಾನು ಚಿಕ್ಕವನಿದ್ದಾಗ ಮಳೆಗಾಲ ಹಿಡಿಯುವ ಮೊದಲು ಅಪ್ಪ ಗುಳ ಹಣಿಸಲು ಕುಲುಮೆಗೆ ಕಳಿಸುತ್ತಿದ್ದರು, ತಿದಿ ಒತ್ತುವ ಕೆಲಸ ನನ್ನದು. ಆ ಸುತ್ತಿಗೆಯ ಏಟಿನ ಸದ್ದು ಗೊತ್ತಿದ್ದವರಿಗೆ 1980ರ ಸೆಪ್ಟೆಂಬರ್ 9ರಂದು ಎಂಟು ಜನ ಸುತ್ತಿಗೆ ಹಿಡಿದು ಪೆನ್ಸಿಲ್ವೇನಿಯಾದ ಕಿಂಗ್ ಆಫ್ ಪ್ರಷಿಯಾದ ಜನರಲ್ ಎಲೆಕ್ಟ್ರಿಕ್ ಕಾರ್ಖಾನೆಗೆ ಯಾಕೆ ಹೋದರು ಅಂತ ವಿವರಿಸಬೇಕಾಗಿಯೇ ಇಲ್ಲ. ಅಲ್ಲಿ ಅಣು ಸಿಡಿತಲೆಯ ಮೂತಿಗಳನ್ನು ಮಾಡುತ್ತಿದ್ದರು. ಇವರು ಅದರ ಮೇಲೆ ಬಡಿದರು, ತಮ್ಮ ರಕ್ತ ಸುರಿದರು, ಪ್ರಾರ್ಥಿಸಿದರು. ಬೆರಿಗನ್ ಸಹೋದರರು ಇಲ್ಲೂ ಇದ್ದರು. ಯೆಶಾಯನ ಮಾತನ್ನು ಅವರು ಉಪಮೆ ಅಂತ ತಗೊಳ್ಳಲಿಲ್ಲ, ಮಾಡಬೇಕಾದ ಕೆಲಸ ಅಂತ ತಗೊಂಡರು. ನೀವು ಗುಳ ಅಂತ ಬರೆದರೆ ಅದು ತಾನಾಗಿ ಗೊತ್ತಾಗುತ್ತದೆ.

ಸಿಸ್ಟರ್ ಮೆಗನ್ ರೈಸ್ ಬಗ್ಗೆ 'ಧೀರ ಮಹಿಳೆ' ಅಂದಿದ್ದೀರಿ. ಅದನ್ನು ತೆಗೆದು ವಯಸ್ಸು ಬರೆಯಿರಿ. 2012ರ ಜುಲೈ 28ಕ್ಕೆ ಅವರಿಗೆ 82. ಅಮೆರಿಕದ ಟೆನೆಸಿಯ ಓಕ್ ರಿಡ್ಜ್‌ನಲ್ಲಿ ಬಾಂಬಿಗೆ ಬಳಸುವ ಯುರೇನಿಯಂ ಇಡುವ ಕಟ್ಟಡದವರೆಗೆ, ಕತ್ತಲಲ್ಲಿ, ಗುಡ್ಡ ದಾಟಿ, ಬೇಲಿ ಕತ್ತರಿಸುತ್ತಾ ಇಬ್ಬರು ಗಂಡಸರ ಜೊತೆ ನಡೆದರು. ಗುಡ್ಡ ಹತ್ತುವುದು ಅಂದರೆ ಏನು, ಆ ವಯಸ್ಸಿನ ಮೊಣಕಾಲು ಅಂದರೆ ಏನು ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಕಾವಲುಗಾರ ಬಂದಾಗ ಅವನಿಗೆ ರೊಟ್ಟಿ ಕೊಡಲು ಹೋದರು. ಎರಡು ವರ್ಷದ ಹತ್ತಿರ ಜೈಲಿನಲ್ಲಿದ್ದರು. ಇದಕ್ಕೆ ವಿಶೇಷಣ ಯಾಕೆ ಬೇಕು?

ಆಸ್ಟ್ರಿಯಾದ ಫ್ರಾನ್ಸ್ ಯೇಗರ್‌ಸ್ಟೆಟರ್ ಅವರ ಭಾಗದಲ್ಲಿ ಎರಡು ತಪ್ಪುಗಳಿವೆ. ಅವರು ಪಾದ್ರಿ ಅಲ್ಲ, ರೈತ. ಊರಿನ ಇಗರ್ಜಿಯ ಕೆಲಸಗಳನ್ನೂ ನೋಡಿಕೊಳ್ಳುತ್ತಿದ್ದರು. ಎಲ್ಲ ಯುದ್ಧವನ್ನೂ ವಿರೋಧಿಸಿದವರು ಅನ್ನುವುದೂ ಸರಿಯಲ್ಲ. ಯುದ್ಧಕ್ಕೆ ಹೋಗಲಾರೆ ಅನ್ನುವ ಮೊದಲು ಸೇನೆಯ ತರಬೇತಿ ಪಡೆದಿದ್ದರು. ಹಿಟ್ಲರನ ಆ ಯುದ್ಧ ಅನ್ಯಾಯ, ಅದರಲ್ಲಿ ಬಂದೂಕು ಹಿಡಿಯಲಾರೆ ಅಂದರು. ಬಿಷಪ್ ಹತ್ತಿರ ಸಲಹೆ ಕೇಳಲು ಹೋದಾಗ ಮನೆಮಂದಿಯ ಬಗ್ಗೆ ಯೋಚಿಸು ಅಂತ ಹೇಳಿ ಕಳಿಸಿದರು. 1943ರ ಆಗಸ್ಟ್ 9ರಂದು ಅವರ ತಲೆ ಕಡಿದರು. ಮನೆಯಲ್ಲಿ ಹೆಂಡತಿ ಫ್ರಾನ್ಸಿಸ್ಕಾ, ಮೂವರು ಹೆಣ್ಣುಮಕ್ಕಳು. ಇಲ್ಲಿಗೆ ನೀವು ನಿಲ್ಲಿಸಿದ್ದೀರಿ. ನಿಲ್ಲಿಸಬೇಡಿ. ಆಕೆ ಅದೇ ಊರಿನಲ್ಲಿ ಬದುಕಬೇಕಾಯಿತು. ಉಳಿದ ಗಂಡಸರು ಯುದ್ಧಕ್ಕೆ ಹೋಗಿದ್ದ ಊರು ಅದು, ಇವಳ ಗಂಡ ಹೋಗಲಿಲ್ಲ ಅನ್ನುವ ಊರು. ವಿಧವೆಯರಿಗೆ ಬರುವ ಪಿಂಚಣಿ ವರ್ಷಗಟ್ಟಲೆ ಸಿಗಲಿಲ್ಲ. 2007ರಲ್ಲಿ ಚರ್ಚ್ ಆತನನ್ನು ಧನ್ಯ (ಸಂತ ಪದವಿಗೆ ಹಿಂದಿನ ಮೆಟ್ಟಿಲು) ಅಂತ ಸಾರಿದಾಗ ಆಕೆ ಇನ್ನೂ ಬದುಕಿದ್ದರು. ಅರವತ್ತನಾಲ್ಕು ವರ್ಷ! ನನಗೆ ಗಂಡನಿಗಿಂತ ಜಾಸ್ತಿ ಆಕೆಯ ಬಗ್ಗೆ ಓದಬೇಕು ಅನ್ನಿಸುತ್ತದೆ.

ಲೈಬೀರಿಯಾ ಭಾಗ ಚೆನ್ನಾಗಿದೆ, ಜಾಸ್ತಿ ಮುಟ್ಟಬೇಡಿ. 2003ರಲ್ಲಿ ಅಲ್ಲಿನ ಹೆಂಗಸರು ಅಂತರ್ಯುದ್ಧ ನಿಲ್ಲಲಿ ಅಂತ ಮೀನು ಮಾರುಕಟ್ಟೆಯ ಹತ್ತಿರದ ಬಯಲಿನಲ್ಲಿ ಬಿಳಿ ಬಟ್ಟೆ ಹಾಕಿ ಬಿಸಿಲು ಮಳೆ ಅನ್ನದೆ ಕೂತದ್ದು ನಿಮ್ಮ ಲೇಖನದಲ್ಲಿ ಜಾಗ ಕಾಣುವ ಒಂದೇ ಕಡೆ. ಆದರೆ ಅಲ್ಲಿ ಮುಂದಾಳು ಲೇಮಾ ಬೋವೀ ಜೊತೆ ಕ್ರೈಸ್ತ ಹೆಂಗಸರು ಮಾತ್ರ ಇರಲಿಲ್ಲ, ಮುಸ್ಲಿಂ ಹೆಂಗಸರೂ ಪಕ್ಕದಲ್ಲೇ ಕೂತು ತಮ್ಮ ರೀತಿ ಪ್ರಾರ್ಥಿಸಿದರು. ಅದನ್ನು ಬಿಟ್ಟಿದ್ದೀರಿ, ಸೇರಿಸಿ.

ಭಾಷೆಯ ಬಗ್ಗೆ ಉದ್ದ ಹೇಳುವುದಿಲ್ಲ. 'ಸಮರೋನ್ಮತ್ತ ಜಗತ್ತು' ಅಂತ ನಿಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ನಿಮ್ಮ ಕಾಗದದ ಜೊತೆಗಿದ್ದ ಚೀಟಿಯಲ್ಲಿ 'ಸರ್, ಹೆದರಿಕೊಂಡೇ ಕಳಿಸ್ತಿದೀನಿ, ಅಪ್ಪನಿಗೆ ಹೇಳಿಲ್ಲ' ಅಂತ ಬರೆದಿದ್ದಿರಿ. ಆ ಚೀಟಿಯ ಕನ್ನಡ ಲೇಖನದ ಕನ್ನಡಕ್ಕಿಂತ ಎಷ್ಟೋ ಚೆನ್ನಾಗಿದೆ.

ಆ ಹೆದರಿಕೆ ಏನು ಅಂತ ನನಗೆ ಅರ್ಥವಾಗುತ್ತದೆ. ಅಮೆರಿಕದ ಯುದ್ಧವನ್ನು, ಹಿಟ್ಲರನ ಯುದ್ಧವನ್ನು ಬೇಡ ಅನ್ನುವುದಕ್ಕೆ ಇಲ್ಲಿ ಕೂತವರಿಗೆ ಏನೂ ಖರ್ಚಿಲ್ಲ. ನಮ್ಮದೇ ಗಡಿಯಲ್ಲಿ ಗುಂಡಿನ ಸದ್ದು ಕೇಳಿದಾಗ ಬಾಯಿ ಬಿಟ್ಟರೆ ಜನ ಕೇಳುವ ಪ್ರಶ್ನೆ ಬೇರೆ, ಕ್ರೈಸ್ತರನ್ನು ಕೇಳುವ ಧಾಟಿಯೂ ಬೇರೆ. ಅದಕ್ಕೇ ಆ ಹನ್ನೊಂದು ಜನರ ಭಾಗವನ್ನು ನೀವು ಆರು ಸಾಲಿಗೆ ಮುಗಿಸಿದ್ದೀರಿ ಅಂತ ನನ್ನ ಅಂದಾಜು. ಮಳೆಗೆ ಮೊಂಬತ್ತಿ ಆರಿಹೋಗಿ ಕೊನೆಗೆ ಬರೀ ಕೊಡೆ ಹಿಡಿದು ನಿಂತು ಜಪಸರ ಹೇಳಿದರು ಅಂತ ಬರೆದಿದ್ದೀರಿ. ಆಮೇಲೆ ಈ ಸಾಲು: 'ಒಬ್ಬ ಮಾಜಿ ಸೈನಿಕರು ಮಾತ್ರ ಸೇರದೆ ಗೇಟಿನ ಹತ್ತಿರ ದೂರ ನಿಂತಿದ್ದರು.'

ಅವರನ್ನು ನೀವು ಎದುರಾಳಿ ಮಾಡಿಬಿಟ್ಟಿದ್ದೀರಿ, 'ಮಾತ್ರ' ಅನ್ನುವ ಒಂದು ಪದದಿಂದ. ಆದರೆ ಅವರು ಮನೆಗೆ ಹೋಗಲಿಲ್ಲ ಅನ್ನುವುದನ್ನು ಗಮನಿಸಿದ್ದೀರಾ? ಅಷ್ಟು ಹೊತ್ತು ಆ ಮಳೆಯಲ್ಲಿ ಗೇಟಿನ ಹತ್ತಿರ ನಿಂತೇ ಇದ್ದರು. ಯುದ್ಧ ನೋಡಿದವರು ಆ ದಿನ ಅಲ್ಲಿ ಇದ್ದದ್ದು, ನಿಮ್ಮ ಲೇಖನದ ಪ್ರಕಾರ, ಅವರೊಬ್ಬರೇ. ಒಳಗೆ ಬರಲೂ ಆಗದೆ, ಬಿಟ್ಟು ಹೋಗಲೂ ಆಗದೆ ನಿಂತವರು ಏನು ಯೋಚಿಸುತ್ತಿದ್ದರು ಅಂತ ಕೇಳದೆ ಈ ಲೇಖನ ಬರೆಯಲು ಆಗುವುದಿಲ್ಲ. ಭಾನುವಾರ ಪೂಜೆ ಮುಗಿದ ಮೇಲೆ ಅವರ ಮನೆಗೆ ಹೋಗಿ. ಪುಸ್ತಕ ಪೆನ್ನು ಮೊದಲೇ ತೆಗೆಯಬೇಡಿ, ಕಾಫಿ ಕೊಟ್ಟರೆ ಕುಡಿಯಿರಿ, ಅವರು ಬೈದರೆ ಬೈಸಿಕೊಳ್ಳಿ. ಗಡಿಯಲ್ಲಿದ್ದಾಗ ಪ್ರಾರ್ಥಿಸುತ್ತಿದ್ದಿರಾ, ಯಾರಿಗಾಗಿ ಅಂತ ಕೇಳಿ. ಹೇಳಲು ಒಪ್ಪದಿದ್ದರೆ ಒಪ್ಪಲಿಲ್ಲ ಅಂತಲೇ ಬರೆಯಿರಿ. ಅವರ ಹೆಸರು ಹಾಕುವ ಮೊದಲು ಒಪ್ಪಿಗೆ ಕೇಳಿ, ನಿಮ್ಮ ಅಪ್ಪನಿಗೂ ಈ ಸಲ ಹೇಳಿಬಿಡಿ.

ಉಳಿದವರಲ್ಲಿ ಇಬ್ಬರು ಸಾಕು. ಕೇಟನ್ಸ್‌ವಿಲ್ ಇರಲಿ, ಫ್ರಾನ್ಸಿಸ್ಕಾ ಇರಲಿ. ಮಿಕ್ಕವರನ್ನು, ಮೇಲೆ ಹೇಳಿದ ಹಾಗೆ ತಿದ್ದಿ, ಇನ್ನೊಂದು ಲೇಖನಕ್ಕೆ ಇಟ್ಟುಕೊಳ್ಳಿ. ಗಡುವು ಹಾಕುತ್ತಿಲ್ಲ, ಆದರೆ ಅವರ ಮನೆಗೆ ಹೋಗಿ ಬಂದ ದಿನ ನನಗೊಂದು ಫೋನ್ ಮಾಡಿ. ಸಂಜೆ ನಾಲ್ಕರ ಮೇಲೆ ಆಫೀಸಿನಲ್ಲೇ ಇರುತ್ತೇನೆ.