ಕಸಕ್ಕೆ ತಕ್ಕ ಇನ್ಸಿನರೇಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮಲ್ಲಿ ಸೇರುವ ಮಿಶ್ರ ಕಸದಲ್ಲಿ ಹಸಿ ಕಸವೇ ಹೆಚ್ಚು. ಇಂಧನವೇ ಬೇಡ, ಕಸ ತಾನೇ ಉರಿಯುತ್ತದೆ ಎಂದು ಇನ್ಸಿನರೇಟರ್ (ಕಸ ಸುಡುವ ಯಂತ್ರ) ಮಾರಾಟಗಾರರು ಹೇಳುತ್ತಾರೆ. ನಂಬಬಹುದೇ?

ಉತ್ತರ: ಕಸದ ತೇವಾಂಶ ಅಳೆಯದೆ ಯಾರೂ ಆ ಭರವಸೆ ಕೊಡಲಾರರು. ಪೂರ್ತಿ ಒಣಗಿದರೆ ಕಿಲೋಗೆ 16 ಮೆಗಾಜೂಲ್ ಶಾಖ ಕೊಡುವ ಕಸದಲ್ಲಿ ಶೇ 60ರಷ್ಟು ನೀರಿದೆ ಎಂದುಕೊಳ್ಳಿ. ಒಣ ಪಾಲು 0.4 ಕಿಲೋ, ಅದರಿಂದ ಬರುವುದು 6.4 ಮೆಗಾಜೂಲ್. 0.6 ಕಿಲೋ ನೀರನ್ನು ಆವಿ ಮಾಡಲು ಸುಮಾರು 1.5 ಹೋಗುತ್ತದೆ. ಉಳಿಯುವುದು 4.9 ಮಾತ್ರ. ಅದೇ ಕಸದ ತೇವಾಂಶ ಶೇ 40ಕ್ಕೆ ಇಳಿದರೆ 8.6 ಸಿಗುತ್ತದೆ. ಕಂಬಿಗಳ ಹಾಸಿನ ಮೇಲೆ ಕಸ ಸುಡುವ ಗ್ರೇಟ್ ಕುಲುಮೆಯಲ್ಲಿ ಇಂಧನವಿಲ್ಲದೆ ಬೆಂಕಿ ನಿಲ್ಲಬೇಕಾದರೆ ವರ್ಷದ ಸರಾಸರಿ ಕನಿಷ್ಠ 7 ಇರಬೇಕು, ಯಾವ ಕಾಲದಲ್ಲೂ 6ಕ್ಕಿಂತ ಕೆಳಗೆ ಬೀಳಬಾರದು.

ಆದ್ದರಿಂದ ಯಂತ್ರದ ಮಾತಿಗೆ ಮುನ್ನ ಮಾದರಿ ತೆಗೆಯಿರಿ. ರಾಶಿಯನ್ನು ಚೆನ್ನಾಗಿ ಮಗುಚಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ತೆಗೆದುಹಾಕಿ, ಉಳಿದದ್ದನ್ನು ಮತ್ತೆ ಬೆರೆಸಿ. ಕೆಲವೇ ಕಿಲೋ ಉಳಿಯುವ ತನಕ ಹೀಗೇ ಮಾಡಿ. ಅದನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಮತ್ತೆ ತೂಗಿ. ಮಳೆಯ ದಿನಗಳ ಮಾದರಿ ಕಡ್ಡಾಯ, ಏಕೆಂದರೆ ಕುಲುಮೆ ಕೈಕೊಡುವುದು ಆಗಲೇ.

ಈ ತೇವಾಂಶದಿಂದ ಲೆಕ್ಕ ಹಾಕಿದ ಶಾಖದ ಅಂಕಿ ಕಡಿಮೆ ಬಂದರೆ ಹಸಿ ಕಸವನ್ನು ಬೇರ್ಪಡಿಸಿ ಗೊಬ್ಬರಕ್ಕೋ ಬಯೋಗ್ಯಾಸ್‌ಗೋ ಕಳಿಸಿ. ಉಳಿದ ಒಣ ಕಸಕ್ಕೆ ಚಲಿಸುವ ಗ್ರೇಟ್ ಸರಿ. ತುಂಡುಗಳು ಚಿಕ್ಕವಿರಲಿ ದೊಡ್ಡವಿರಲಿ, ಅದು ತಡೆದುಕೊಳ್ಳುತ್ತದೆ. ಬೂದಿಯಲ್ಲಿ ಅರೆಬೆಂದ ಕಾಗದ ಕಂಡರೆ ಗ್ರೇಟ್ ವೇಗವಾಗಿ ಓಡುತ್ತಿದೆ, ಇಲ್ಲವೇ ಕಸದ ಪದರ ಎಲ್ಲೋ ತೆಳುವಾಗಿ ಕೆಳಗಿನ ಗಾಳಿಯೆಲ್ಲ ಅಲ್ಲೇ ನುಗ್ಗುತ್ತಿದೆ.

ಪ್ರಶ್ನೆ: ಆಸ್ಪತ್ರೆಯ ತ್ಯಾಜ್ಯಕ್ಕೆ ಎರಡು ಕೋಣೆಯ ಇನ್ಸಿನರೇಟರ್ ಇದೆ. ಆದರೂ ಆಗಾಗ ಕಪ್ಪು ಹೊಗೆ, ಕೆಲವೊಮ್ಮೆ ಬಿಳಿ ಹೊಗೆ ಬರುತ್ತದೆ. ಆಯ್ಕೆಯೇ ತಪ್ಪಾಯಿತೇ?

ಉತ್ತರ: ಆಯ್ಕೆ ಸರಿಯಾಗಿದೆ, ತೊಂದರೆ ತುಂಬಿಸುವ ಕ್ರಮದಲ್ಲಿರುವ ಸಾಧ್ಯತೆ ಹೆಚ್ಚು. ಮೊದಲ ಕೋಣೆಗೆ ಬೇಕೆಂದೇ ಗಾಳಿ ಕಡಿಮೆ ಕೊಡುತ್ತಾರೆ. ಅಲ್ಲಿ ತ್ಯಾಜ್ಯ ಅನಿಲವಾಗಿ ಎದ್ದು, ಎರಡನೆಯ ಕೋಣೆಯಲ್ಲಿ ಹೆಚ್ಚು ಗಾಳಿಯೊಂದಿಗೆ ಪೂರ್ತಿ ಸುಡಬೇಕು. ಕೈಗವಸು, ಪ್ಲಾಸ್ಟಿಕ್ ಚೀಲಗಳನ್ನು ಒಟ್ಟಿಗೆ ಸುರಿದರೆ ಅನಿಲ ಒಮ್ಮೆಲೇ ಉಕ್ಕಿ ಬರುತ್ತದೆ. ಪಾಲಿಥಿನ್‌ನ ಶಾಖ ಕಿಲೋಗೆ 40 ಮೆಗಾಜೂಲ್‌ಗೂ ಹೆಚ್ಚು, ಒದ್ದೆ ಬ್ಯಾಂಡೇಜಿನದು ತೀರಾ ಕಡಿಮೆ. ಎರಡನೆಯ ಕೋಣೆಯ ಆಮ್ಲಜನಕ ಸಾಲದೆ ಕಪ್ಪು ಹೊಗೆ ಹೊರಡುತ್ತದೆ. ಪ್ಲಾಸ್ಟಿಕ್ ಚೀಲ, ಒದ್ದೆ ಚೀಲ ಬೆರೆಸಿ, ಸಣ್ಣ ಸಣ್ಣ ಪಾಲಾಗಿ, ಸಮ ಅಂತರದಲ್ಲಿ ಹಾಕಿ. ಬಾಗಿಲಿನ ಸೀಲ್ ಸೋರುತ್ತಿದ್ದರೆ ಮೊದಲ ಕೋಣೆಗೆ ಗಾಳಿ ನುಗ್ಗಿ ಉರಿ ಏರುತ್ತದೆ, ಅದನ್ನೂ ನೋಡಿ.

ಬಿಳಿ ಹೊಗೆಗೆ ಕಾರಣ ಸಾಮಾನ್ಯವಾಗಿ ಇದರ ತದ್ವಿರುದ್ಧ. ಎರಡನೆಯ ಕೋಣೆ ತಣ್ಣಗಿದೆ ಅಥವಾ ಗಾಳಿ ಅತಿಯಾಗಿದೆ. ಬರ್ನರ್ ನಳಿಕೆ ಕಟ್ಟಿದೆಯೇ ಪರೀಕ್ಷಿಸಿ, ಗಾಳಿಯ ಡ್ಯಾಂಪರ್ ಸ್ವಲ್ಪ ಮುಚ್ಚಿ. ಎರಡನೆಯ ಕೋಣೆ ನಿಗದಿತ ತಾಪ ಮುಟ್ಟುವ ಮೊದಲು ಒಂದು ಚೀಲವೂ ಒಳಗೆ ಹೋಗಕೂಡದು. ಅಲ್ಲಿಯವರೆಗೆ ಚೀಲ ಹಾಕದಂತೆ ತಡೆಯುವ ಇಂಟರ್‌ಲಾಕ್ ಅನ್ನು ತಂತಿ ಸುತ್ತಿ ತಪ್ಪಿಸುವವರಿದ್ದಾರೆ. ವಿಷದ ಹೊಗೆ ಕುಡಿಯುವವರು ಅಲ್ಲೇ ಸುತ್ತಮುತ್ತ ಇರುವ ಜನ.

ಪಿವಿಸಿ ಕೊಳವೆ, ರಕ್ತದ ಚೀಲಗಳನ್ನು ಸುಡಬೇಡಿ. ಅವುಗಳಲ್ಲಿರುವ ಕ್ಲೋರಿನ್‌ನಿಂದ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ; ಅನಿಲ 450ರಿಂದ 200 ಡಿಗ್ರಿಗೆ ನಿಧಾನವಾಗಿ ತಣಿದರೆ ಡಯಾಕ್ಸಿನ್ ಎಂಬ ಘೋರ ವಿಷ ಮತ್ತೆ ಕೂಡಿಕೊಳ್ಳುತ್ತದೆ. ಅನಿಲವನ್ನು ನೀರು ಸಿಂಪಡಿಸಿ ಥಟ್ಟನೆ ತಣಿಸುವುದು ಇದಕ್ಕಾಗಿಯೇ. ಪಾದರಸದ ಥರ್ಮಾಮೀಟರ್ ಹಾಕಲೇಬಾರದು, ಪಾದರಸ ಬೆಂಕಿಯಲ್ಲಿ ನಾಶವಾಗುವುದಿಲ್ಲ. ಗಾಜಿನ ಬಾಟಲಿ ಕರಗಿ ಗಾಳಿಯ ರಂಧ್ರ ಮುಚ್ಚುತ್ತದೆ.

ಪ್ರಶ್ನೆ: ಕಾರ್ಖಾನೆಯಲ್ಲಿ ಡ್ರಮ್‌ಗಟ್ಟಲೆ ಟಾರು, ಬಳಸಿದ ದ್ರಾವಕ, ಕೊಳಚೆ ನೀರಿನ ಸಂಸ್ಕರಣಾ ಘಟಕದ ಸ್ಲಡ್ಜ್ (ಕೆಸರು) ಎಲ್ಲವೂ ಇವೆ. ಒಂದೇ ರೋಟರಿ ಕಿಲ್ನ್ ಸಾಕೇ?

ಉತ್ತರ: ಟಾರು, ಡ್ರಮ್‌ಗಳಿಗೆ ರೋಟರಿ ಕಿಲ್ನ್‌ಗೆ ಸಾಟಿಯಿಲ್ಲ. ತುಸು ಇಳಿಜಾರಿನ ಸಿಲಿಂಡರ್ ನಿಧಾನವಾಗಿ ಉರುಳುತ್ತಾ ಗಟ್ಟಿ, ಅಂಟು, ದ್ರವ ಎಲ್ಲವನ್ನೂ ನುಂಗುತ್ತದೆ. ಆದರೆ ಎರಡು ತುದಿಯ ಸೀಲ್‌ಗಳಿಂದ ಗಾಳಿ ಒಳನುಗ್ಗಿ ತಾಪ ಇಳಿಯುತ್ತದೆ. ಪದೇ ಪದೇ ಆರಿಸಿ ಹಚ್ಚಿದರೆ ಒಳಗಿನ ಬೆಂಕಿ ಇಟ್ಟಿಗೆ ಉದುರುತ್ತದೆ. ಹಿಂದೆ ಇನ್ನೊಂದು ದಹನ ಕೋಣೆ ಬೇಕೇ ಬೇಕು. ಅನಿಲ ಅಲ್ಲಿ 850 ಡಿಗ್ರಿಯಲ್ಲಿ ಕನಿಷ್ಠ 2 ಸೆಕೆಂಡ್ ಇರಬೇಕು, ತ್ಯಾಜ್ಯದಲ್ಲಿ ಹ್ಯಾಲೊಜನ್ (ಕ್ಲೋರಿನ್ ಗುಂಪಿನ ಧಾತು) ಇರುವ ಸಾವಯವ ವಸ್ತುಗಳ ಅಂಶ ಕ್ಲೋರಿನ್ ಲೆಕ್ಕದಲ್ಲಿ ಶೇ 1 ಮೀರಿದ್ದರೆ 1100 ಡಿಗ್ರಿಯಲ್ಲಿ.

ದ್ರಾವಕವನ್ನು ಅದೇ ಕೋಣೆಯ ಬರ್ನರ್‌ನಲ್ಲಿ ಸಿಂಪಡಿಸಿದರೆ ಅದೇ ನಿಮ್ಮ ಇಂಧನ. ಸೋಸಿಯೇ ಕಳಿಸಿ, ಕಸರು ನಳಿಕೆ ಕಟ್ಟುತ್ತದೆ. ಟ್ಯಾಂಕಿನಲ್ಲಿ ಕಲಕುವ ವ್ಯವಸ್ಥೆ ಇಲ್ಲದಿದ್ದರೆ ತಳದ ನೀರು ಒಮ್ಮೆಲೇ ಬಂದು ಜ್ವಾಲೆ ಆರಿಹೋಗುತ್ತದೆ.

ಸ್ಲಡ್ಜ್ ಪ್ರತಿದಿನ ಒಂದೇ ತೆರನಾಗಿ, ಭಾರಿ ಪ್ರಮಾಣದಲ್ಲಿ ಬರುವುದಾದರೆ ಮಾತ್ರ ಕೆಳಗಿನಿಂದ ಗಾಳಿ ಊದಿ ತೇಲಿಸುವ ಬಿಸಿ ಮರಳಿನ ಫ್ಲೂಯಿಡೈಸ್ಡ್ ಬೆಡ್ ಪ್ರತ್ಯೇಕವಾಗಿ ಹಾಕಿ. ನೀರು ಹಿಂಡಿ ಘನಾಂಶವನ್ನು ಶೇ 30ರ ಮೇಲೆ ತಂದಷ್ಟೂ ಇಂಧನ ಉಳಿಯುತ್ತದೆ. ಸೋಡಿಯಂ, ಪೊಟ್ಯಾಸಿಯಂ ಲವಣ ಹೆಚ್ಚಿದ್ದರೆ ಮರಳು ಅಂಟಿ ಗಂಟುಕಟ್ಟುತ್ತದೆ. ಬೆಡ್‌ನ ತಾಪಮಾಪಕಗಳು ಒಂದಕ್ಕೊಂದು ಹೊಂದದ ಅಂಕಿ ತೋರಿಸತೊಡಗಿದರೆ ಅದೇ ಮೊದಲ ಸುಳಿವು. ತಕ್ಷಣ ತಾಪ ಇಳಿಸಿ, ಮರಳು ಬದಲಿಸಿ.

ಪ್ರಶ್ನೆ: ಸತ್ತ ಜಾನುವಾರುಗಳನ್ನು ಗ್ರೇಟ್ ಮೇಲೆ ಸುಡಬಹುದೇ?

ಉತ್ತರ: ಬೇಡ. ಕೊಬ್ಬು ಕರಗಿ ಸಂದುಗಳಿಂದ ಕೆಳಗಿಳಿದು ಬೂದಿಗುಂಡಿಯಲ್ಲೇ ಹೊತ್ತಿಕೊಳ್ಳುತ್ತದೆ, ಗ್ರೇಟ್ ಕಂಬಿಗಳು ಸೊಟ್ಟಗಾಗುತ್ತವೆ. ಬೆಂಕಿ ಇಟ್ಟಿಗೆಯ, ಸಂದಿಲ್ಲದ, ಅಂಚು ಎತ್ತರಿಸಿದ ಗಟ್ಟಿ ಹಾಸಿನ ಕುಲುಮೆಯನ್ನೇ ಆರಿಸಿ. ಕಳೇಬರದಲ್ಲಿ ನೀರೇ ಹೆಚ್ಚಾದ್ದರಿಂದ ಬರ್ನರ್ ಕೊನೆಯವರೆಗೂ ಉರಿಯುತ್ತಿರಬೇಕು. ಇಂಧನದ ಅಂದಾಜಿನಲ್ಲಿ ಇದನ್ನು ಮೊದಲೇ ಸೇರಿಸಿ.