ಹಾವು ಕಚ್ಚಿದ ಅಪ್ಪನನ್ನು ಸ್ಟಡಿಗೆ ಸೇರಿಸೋಕೆ ಸಹಿ ಕೇಳ್ತಿದ್ದಾರೆ, ಹಾಕಬೇಕಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ರಾಣೆಬೆನ್ನೂರು ಕಡೆ ಗೋವಿನಜೋಳದ ಹೊಲದಲ್ಲಿ ಅಪ್ಪನಿಗೆ ಕೊಳಕುಮಂಡಲ ಕಚ್ಚಿದೆ. ಹುಬ್ಬಳ್ಳಿಗೆ ತಂದು ಸೇರಿಸಿದ್ದೀರಿ, ಮೂರು ಸಲ ಡಯಾಲಿಸಿಸ್ ಆಗಿದೆ, ಈಗ ಮೂತ್ರ ಚೆನ್ನಾಗಿ ಹೋಗುತ್ತಿದೆ. ಇನ್ನೇನು ಡಿಸ್ಚಾರ್ಜ್ ಅನ್ನುವಾಗ ಮೆಡಿಸಿನ್ ವಾರ್ಡಿನ ಪಿಜಿ ಡಾಕ್ಟರ್ (ಎಂಡಿ ಓದುತ್ತಿರುವವರು) ನಾಲ್ಕು ಪುಟದ ಕಾಗದ ತಂದು, ಆರು ತಿಂಗಳು ಫಾಲೋ ಅಪ್ ಮಾಡ್ತೀವಿ, ಸ್ಟಡಿಗೆ ಒಪ್ಪಿಗೆ ಕೊಡಿ ಅಂದಿದ್ದಾರೆ. ಅಪ್ಪನನ್ನು ಪ್ರಯೋಗಪಶು ಮಾಡ್ತಾರಾ, ಬೇಡ ಅಂದ್ರೆ ಡಾಕ್ಟರ್ ಸಿಟ್ಟಾಗಿ ಸರಿಯಾಗಿ ನೋಡದೇ ಇರ್ತಾರಾ, ಇದು ನಿಮ್ಮ ಭಯ ಅಲ್ವಾ?

ನಾನು ಹುಬ್ಬಳ್ಳಿ-ಧಾರವಾಡದಲ್ಲೇ ಎಂಡಿ ಮೆಡಿಸಿನ್ ಮಾಡಿದವನು. ನನ್ನ ಥೀಸಿಸ್ ಕೂಡ ಹಾವು ಕಡಿತದ ಮೇಲೆ. ಅಂಥದ್ದೇ ಕಾಗದ ಹಿಡಿದು ಬೆಡ್ಡಿನಿಂದ ಬೆಡ್ಡಿಗೆ ಓಡಾಡಿದ್ದೇನೆ. ಈಗ ಗದಗದಲ್ಲಿ ಕೆಲಸ ಮಾಡ್ತೀನಿ. ನನ್ನ ಅಪ್ಪ ಆಗಿದ್ದರೆ ಸೇರಿಸುತ್ತಿದ್ದೆ. ಆದರೆ ಕಾಗದ ಪೂರ್ತಿ ಓದಿಸಿ, ಕೇಳಬೇಕಾದ್ದು ಕೇಳಿದ ಮೇಲೆ. ಇನ್ನೊಂದು ಮಾತು, ಸಹಿ ಹಾಕಬೇಕಾದವರು ನೀವಲ್ಲ, ನಿಮ್ಮ ಅಪ್ಪ. ಅವರಿಗೆ ಎಚ್ಚರ ಇದೆ, ಮಾತಾಡ್ತಾರೆ, ಹೊಲ ಮನೆ ನೋಡಿಕೊಂಡು ಬಂದವರು. ಓದು ಬರದಿದ್ದರೂ ತೀರ್ಮಾನ ಅವರದೇ. ವಾರ್ಡಿನಲ್ಲಿ ನಾವು ಡಾಕ್ಟರುಗಳು ಓದಿದ ಮಗನನ್ನು ಹುಡುಕಿ ಅವನ ಹತ್ತಿರ ಮಾತಾಡಿ ಮುಗಿಸಿಬಿಡ್ತೀವಿ. ಅದು ತಪ್ಪು.

ಸ್ಟಡಿ ಅಂದ ಕೂಡಲೇ ಹೊಸ ಔಷಧಿ ಚುಚ್ಚಿ ಏನಾಗುತ್ತೆ ನೋಡೋದು ಅಂತ ಜನ ಅಂದುಕೊಳ್ತಾರೆ. ನಮ್ಮ ಕಡೆಯ ಮೆಡಿಸಿನ್ ವಾರ್ಡುಗಳಲ್ಲಿ ಪಿಜಿಗಳು ಮಾಡುವ ಕೆಲಸ ಬಹುಪಾಲು ಹಾಗಿರಲ್ಲ. ಎಂಡಿ ಮೂರು ವರ್ಷದ್ದು, ಅದರಲ್ಲಿ ಒಂದು ಥೀಸಿಸ್ ಬರೆಯಲೇಬೇಕು. ಹಾಗಾಗಿ ತಮ್ಮ ವಾರ್ಡಿಗೆ ಬರುವವರನ್ನೇ ನೋಡಿ ಬರೆಯುತ್ತಾರೆ. ಹೇಗಿದ್ದರೂ ಕೊಡಬೇಕಾದ ಚಿಕಿತ್ಸೆ ಕೊಟ್ಟು, ಎಷ್ಟು ಹೊತ್ತಿಗೆ ಕಚ್ಚಿತು, ಎಷ್ಟು ಹೊತ್ತಿಗೆ ಆಸ್ಪತ್ರೆ ಮುಟ್ಟಿದರು, ನಡುವೆ ಮಂತ್ರ ಹಾಕಿಸೋಕೆ ಎಲ್ಲಿ ನಿಂತಿದ್ದರು, ಹಾವಿನ ವಿಷ ಇಳಿಸುವ ಇಂಜೆಕ್ಷನ್ ಎಷ್ಟು ವಯಲ್ (ಸಣ್ಣ ಬಾಟಲಿ) ಹೋಯಿತು, ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತದ ಕ್ರಿಯಾಟಿನಿನ್ ದಿನದಿನಕ್ಕೆ ಎಷ್ಟಿತ್ತು, ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡುತ್ತಾರೆ. ನೀವು ಬರೆದಿದ್ದು ನೋಡಿದರೆ ನಿಮ್ಮ ಅಪ್ಪನದೂ ಇದೇ ಥರದ್ದು. ಹೊಸ ಔಷಧಿಯ ಮಾತೇ ಇಲ್ಲ, ಮೂರು ಸಲ ಬಂದು ರಕ್ತ, ಮೂತ್ರ ತೋರಿಸಿ ಹೋಗೋದು.

ಇನ್ನೊಂದು ಥರದ ಸ್ಟಡಿಯೂ ಇದೆ. ಎರಡು ಚಿಕಿತ್ಸೆ ಇರುತ್ತವೆ, ಯಾವುದು ಮೇಲು ಅಂತ ಯಾರಿಗೂ ಖಾತ್ರಿ ಇರಲ್ಲ. ಆಗ ಚೀಟಿ ಎತ್ತಿದ ಹಾಗೆ ಕೆಲವರಿಗೆ ಒಂದು, ಉಳಿದವರಿಗೆ ಇನ್ನೊಂದು ಕೊಟ್ಟು ನೋಡುತ್ತಾರೆ. ಇದಕ್ಕೆ ನಮಗೆ ಹತ್ತಿರದ ಉದಾಹರಣೆ ಮಹಾಡದ ಡಾ. ಹಿಮ್ಮತರಾವ್ ಬಾವಸ್ಕರ್. ಮಹಾಡ ಕೊಂಕಣದ ಒಂದು ಸಣ್ಣ ಊರು. ಅಲ್ಲಿ ಕೆಂಪು ಚೇಳು ಕಚ್ಚಿದವರು ಬರುತ್ತಿದ್ದರು, ಶ್ವಾಸಕೋಶದಲ್ಲಿ ನೀರು ತುಂಬಿ ಸಾಯುತ್ತಿದ್ದರು, ಅದರಲ್ಲೂ ಮಕ್ಕಳು. ಇವರು ರೋಗಿಗಳ ಪಕ್ಕದಲ್ಲೇ ಕೂತು ಬಿಪಿ, ನಾಡಿ ಬರೆದಿಟ್ಟರು. ಪ್ರಾಝೋಸಿನ್ ಅನ್ನುವ ಬಿಪಿ ಮಾತ್ರೆ ಇದಕ್ಕೆ ಕೆಲಸ ಮಾಡುತ್ತೆ ಅಂತ ಕಂಡುಕೊಂಡರು. ಆಮೇಲೆ 70 ಜನರ ಮೇಲೆ ಹೋಲಿಸಿ ನೋಡಿದರು, 35 ಜನರಿಗೆ ಬರೀ ಪ್ರಾಝೋಸಿನ್, 35 ಜನರಿಗೆ ಅದರ ಜೊತೆ ಚೇಳಿನ ವಿಷ ಇಳಿಸುವ ಇಂಜೆಕ್ಷನ್ನೂ. ಹತ್ತು ಗಂಟೆಯಲ್ಲಿ ಎರಡೂ ಕೊಟ್ಟವರಲ್ಲಿ 32 ಜನ ಪೂರ್ತಿ ಚೇತರಿಸಿಕೊಂಡಿದ್ದರು, ಬರೀ ಮಾತ್ರೆ ಕೊಟ್ಟವರಲ್ಲಿ 8 ಜನ. ಇದು 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. 2022ರಲ್ಲಿ ಅವರಿಗೆ ಪದ್ಮಶ್ರೀ ಕೊಟ್ಟರು. ಹೊಲ ಗದ್ದೆ ಇರುವ ಕಡೆಯ ಆಸ್ಪತ್ರೆಗೆ ಬರುವ ಕಾಯಿಲೆಯ ಬಗ್ಗೆ ಅಲ್ಲಿಯ ಡಾಕ್ಟರೇ ಬರೆಯಬೇಕು, ಬೇರೆ ಯಾರು ಬರೀತಾರೆ ಹೇಳಿ?

ಹಾವಿನ ವಿಷಯದಲ್ಲಂತೂ ಇದು ಇನ್ನೂ ಜಾಸ್ತಿ ನಿಜ. ನಿಮ್ಮ ಅಪ್ಪನಿಗೆ ಕೊಟ್ಟ ಇಂಜೆಕ್ಷನ್ ನಾಲ್ಕು ಹಾವುಗಳ ವಿಷಕ್ಕೆ ಸೇರಿಸಿ ಮಾಡಿದ್ದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಆ ಇಂಜೆಕ್ಷನ್ ಮಾಡೋಕೆ ಬೇಕಾದ ವಿಷದಲ್ಲಿ ಹೆಚ್ಚಿನ ಪಾಲು ಚೆನ್ನೈ ಹತ್ತಿರದ, ಹಾವು ಹಿಡಿಯುವ ಇರುಳ ಸಮುದಾಯದವರ ಸಹಕಾರ ಸಂಘದಿಂದ ಬರುತ್ತೆ. ಆದರೆ ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬೇರೆ ಆಗುತ್ತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಬೇರೆ ಬೇರೆ ರಾಜ್ಯಗಳ ಹಾವಿನ ವಿಷ ಹೋಲಿಸಿ, ಇಂಜೆಕ್ಷನ್ ಎಲ್ಲ ಕಡೆ ಒಂದೇ ಸಮ ಕೆಲಸ ಮಾಡಲ್ಲ ಅಂತ ತೋರಿಸಿದ್ದಾರೆ. ಅಂದಮೇಲೆ ಹಾವೇರಿ ಹೊಲದ ಕೊಳಕುಮಂಡಲ ಕಚ್ಚಿದವನಿಗೆ ಎಷ್ಟು ವಯಲ್ ಬೇಕಾಯಿತು, ಎಷ್ಟು ದಿನಕ್ಕೆ ಕಿಡ್ನಿ ಎದ್ದಿತು ಅನ್ನೋದನ್ನು ಹಾವೇರಿ ಕಡೆಯ ರೋಗಿಯಿಂದಲೇ ತಿಳಿಯಬೇಕು.

ವಾರ್ಡಿನಲ್ಲಿ ನೀವೂ ನೋಡಿರಬಹುದು, ರಕ್ತ ಹೆಪ್ಪುಗಟ್ಟುತ್ತಾ ಅಂತ ತಿಳಿಯೋಕೆ ಹೊಸ, ಒಣಗಿದ ಗಾಜಿನ ಟ್ಯೂಬಿಗೆ ಎರಡು ಎಂಎಲ್ ರಕ್ತ ಹಾಕಿ ಅಲುಗಾಡಿಸದೆ ಇಡ್ತಾರೆ. ಇಪ್ಪತ್ತು ನಿಮಿಷ. ನಾನು ಟ್ಯೂಬನ್ನು ರೋಗಿಯ ಲಾಕರ್ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ವಾಚ್ ಬಿಚ್ಚಿ ಇಡುತ್ತಿದ್ದೆ. ರೋಗಿಯ ಹೆಂಡತಿ, ಮಕ್ಕಳು, ಪಕ್ಕದ ಬೆಡ್ಡಿನವರು ಎಲ್ಲರ ಕಣ್ಣೂ ಅದರ ಮೇಲೆ. ಇಪ್ಪತ್ತು ನಿಮಿಷಕ್ಕೆ ಮೆಲ್ಲಗೆ ಓರೆ ಮಾಡಿದಾಗ ರಕ್ತ ಗಟ್ಟಿಯಾಗಿ ನಿಂತರೆ ಸಮಾಧಾನ. ನೀರಿನ ಹಾಗೆ ಹರಿದರೆ ವಿಷ ಇನ್ನೂ ಕೆಲಸ ಮಾಡ್ತಿದೆ ಅಂತ. ಯಂತ್ರ ಬೇಡ, ಲ್ಯಾಬ್ ಬೇಡ, ತಾಲೂಕು ಆಸ್ಪತ್ರೆಯಲ್ಲೂ ಆಗುತ್ತೆ. ಅದೇ ಪ್ಲಾಸ್ಟಿಕ್ ಟ್ಯೂಬ್ ಆದರೆ, ಅಥವಾ ಸೋಪಿನಲ್ಲಿ ತೊಳೆದ ಟ್ಯೂಬ್ ಆದರೆ, ಚೆನ್ನಾಗಿರುವವರ ರಕ್ತವೂ ಹೆಪ್ಪುಗಟ್ಟದೆ ಮೋಸ ಮಾಡಬಹುದು. ಈ ಪರೀಕ್ಷೆಯನ್ನು ಎಲ್ಲಿ ನಂಬಬಹುದು, ಎಲ್ಲಿ ನಂಬಬಾರದು ಅಂತ ಗೊತ್ತಾಗಿದ್ದು ವಾರ್ಡಿನಲ್ಲಿ ಮಲಗಿದ ರೋಗಿಗಳು ಒಪ್ಪಿ ರಕ್ತ ಕೊಟ್ಟಿದ್ದರಿಂದ.

ಈಗ ಒಪ್ಪಿಗೆಯ ಮಾತು. ಇದನ್ನು ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ಇಲ್ಲಿ ನಾನೇ ತಪ್ಪು ಮಾಡಿದ್ದೇನೆ.

ಮೊದಲ ವರ್ಷದ ಮಳೆಗಾಲ. ರಾತ್ರಿ ಡ್ಯೂಟಿ, ವಾರ್ಡ್ ತುಂಬಿ ಕೆಳಗೂ ಹಾಸಿಗೆ ಹಾಕಿದ್ದರು. ರೋಣ ಕಡೆಯಿಂದ ಬಂದಿದ್ದ ಒಬ್ಬ ಅಜ್ಜಿ, ಹೆಬ್ಬಾವಿನಂಥ ಮಂಡಲ ಹಾವನ್ನು ತುಳಿದು ಕಚ್ಚಿಸಿಕೊಂಡು ಕಾಲು ಊದಿತ್ತು, ಆದರೆ ಮಾತು ಸ್ಪಷ್ಟ. ನಾನು ಗಡಿಬಿಡಿಯಲ್ಲಿ ಕಾಗದದ ಮೇಲಿನದ್ದನ್ನು ಗಡಗಡ ಓದಿ, ಸ್ಟಾಂಪ್ ಪ್ಯಾಡ್ ಮುಂದೆ ಹಿಡಿದೆ. ಅಜ್ಜಿ ಹೆಬ್ಬೆಟ್ಟು ಒತ್ತಿ, ಸೆರಗಿಗೆ ಒರೆಸಿಕೊಳ್ಳುತ್ತಾ ಕೇಳಿದಳು: "ಯಪ್ಪಾ, ಈಗರೆ ನನಗ ಸೂಜಿ ಮಾಡ್ತೀರಲ್ಲ?"

ಅವಳಿಗೆ ಇಂಜೆಕ್ಷನ್ ಆಗಲೇ ಹೋಗುತ್ತಿತ್ತು, ಬಾಟಲಿ ತಲೆಯ ಮೇಲೇ ತೂಗುತ್ತಿತ್ತು. ಆದರೂ ಅವಳ ಪಾಲಿಗೆ ಆ ಹೆಬ್ಬೆಟ್ಟು ಔಷಧಿಗೆ ಕೊಟ್ಟ ಬೆಲೆ. ಒತ್ತದಿದ್ದರೆ ಸೂಜಿ ಇಲ್ಲ ಅಂತ ತಿಳಿದಿದ್ದಳು. ನನಗೆ ಹೊಟ್ಟೆಯಲ್ಲಿ ಕಸಿವಿಸಿ ಆಯಿತು. ಓದು ಬಾರದವರ ಹೆಬ್ಬೆಟ್ಟು ತೆಗೆದುಕೊಳ್ಳುವಾಗ ಸ್ಟಡಿಗೆ ಸಂಬಂಧ ಇಲ್ಲದ, ಓದು ಬರುವ ಒಬ್ಬ ಸಾಕ್ಷಿ ಮೊದಲಿಂದ ಕೊನೆತನಕ ಜೊತೆಗಿರಬೇಕು ಅಂತ ನಿಯಮ ಇದೆ. ಅದನ್ನೂ ನಾನು ಮಾಡಿರಲಿಲ್ಲ. ಬೆಳಿಗ್ಗೆ ನನ್ನ ಥೀಸಿಸ್ ಗೈಡ್ ಹತ್ತಿರ ಹೇಳಿದೆ, ಆ ಒಪ್ಪಿಗೆ ರದ್ದು ಮಾಡಿದೆವು. ಎರಡು ದಿನ ಬಿಟ್ಟು, ಊತ ಇಳಿದ ಮೇಲೆ, ಪಕ್ಕದ ಬೆಡ್ಡಿನವರ ಮಗ ಒಬ್ಬ ಶಾಲೆ ಮಾಸ್ತರ್ ಇದ್ದರು, ಅವರನ್ನು ಸಾಕ್ಷಿಯಾಗಿ ಕೂರಿಸಿಕೊಂಡು ಮತ್ತೆ ಹೇಳಿದೆ. ಅಜ್ಜಿ, ಇದಕ್ಕೂ ನಿನ್ನ ಔಷಧಿಗೂ ಸಂಬಂಧ ಇಲ್ಲ, ನೀನು ಬ್ಯಾಡ ಅಂದ್ರೂ ಹಿಂಗ ನೋಡಕೋತೀವಿ, ನಿನ್ನ ಹೆಸರು ಎಲ್ಲೂ ಬರಂಗಿಲ್ಲ, ಅಂತ. ಅಜ್ಜಿ ಒಂದೇ ಪ್ರಶ್ನೆ ಕೇಳಿದಳು, ಮತ್ತೆ ಹುಬ್ಬಳ್ಳಿಗೆ ಬರಬೇಕೇನು ಅಂತ. ಹೌದು ಅಂದೆ. "ಹಂಗಾರ ಬ್ಯಾಡ ಬಿಡಪ್ಪಾ, ಕರಕೊಂಡ ಬರಾವ್ರ ಯಾರೂ ಇಲ್ಲ." ಸರಿ ಅಂದೆ. ಡಿಸ್ಚಾರ್ಜ್ ತನಕ ಅವಳ ಡ್ರೆಸ್ಸಿಂಗ್ ನಾನೇ ಮಾಡಿದೆ.

ಆದ್ದರಿಂದ ನಿಮ್ಮ ಎರಡನೇ ಭಯಕ್ಕೆ ಉತ್ತರ: ಬೇಡ ಅನ್ನುವ ಹಕ್ಕು ನಿಮ್ಮ ಅಪ್ಪನಿಗೆ ಪೂರ್ತಿ ಇದೆ. ಇವತ್ತು ಒಪ್ಪಿ ಮೂರು ತಿಂಗಳ ಮೇಲೆ ಸಾಕು ಅಂದರೂ ನಡೆಯುತ್ತೆ, ಕಾರಣ ಕೊಡಬೇಕಾಗಿಲ್ಲ. ಇದಕ್ಕಾಗಿ ಚಿಕಿತ್ಸೆಯಲ್ಲಿ ಕೊರತೆ ಮಾಡಿದರೆ ಅದು ನಿಯಮ ಮುರಿದ ಹಾಗೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಇದೆಲ್ಲ ಬರೆದಿದೆ. ಪ್ರತಿ ಸ್ಟಡಿಯನ್ನೂ ಮೊದಲು ಎಥಿಕ್ಸ್ ಕಮಿಟಿ, ಅಂದರೆ ರೋಗಿಗಳಿಗೆ ಅನ್ಯಾಯ ಆಗದಂತೆ ನೋಡುವ ಸಮಿತಿ, ನೋಡಿ ಒಪ್ಪಬೇಕು. ಆ ಕಮಿಟಿಯಲ್ಲಿ ಡಾಕ್ಟರುಗಳಷ್ಟೇ ಅಲ್ಲ, ಕಾನೂನು ಬಲ್ಲವರೊಬ್ಬರು, ವೈದ್ಯಕೀಯಕ್ಕೆ ಸಂಬಂಧ ಇಲ್ಲದ ಸಾಮಾನ್ಯರೊಬ್ಬರು ಇರಲೇಬೇಕು. ಅಧ್ಯಕ್ಷರು ಆ ಸಂಸ್ಥೆಯ ಹೊರಗಿನವರಾಗಿರಬೇಕು. ಕಮಿಟಿಯ ಫೋನ್ ನಂಬರ್ ನಿಮ್ಮ ಕೈಲಿರುವ ಕಾಗದದಲ್ಲೇ ಇರಬೇಕು, ಹುಡುಕಿ ನೋಡಿ.

ನಾಳೆ ಡಾಕ್ಟರ್ ಬಂದಾಗ ಅಪ್ಪನ ಎದುರಿಗೇ ಕೇಳಿ. ಔಷಧಿ ಏನಾದರೂ ಬದಲಾಗುತ್ತಾ? ಜಾಸ್ತಿ ರಕ್ತ ತೆಗೀತಾರಾ, ಎಷ್ಟು? ಐದು ಎಂಎಲ್ ಅಂದರೆ ಒಂದು ಟೀ ಚಮಚ, ಅದಕ್ಕೆ ಹೆದರಬೇಡಿ. ಪರೀಕ್ಷೆಯ ದುಡ್ಡು ಯಾರು ಕೊಡ್ತಾರೆ? ಸ್ಟಡಿಗಾಗಿಯೇ ಮಾಡುವ ಪರೀಕ್ಷೆಗೆ ನಿಮ್ಮಿಂದ ಹಣ ಕೇಳುವ ಹಾಗಿಲ್ಲ. ಬಸ್ ಚಾರ್ಜ್ ಕೊಡ್ತಾರಾ ಅಂತಲೂ ನಾಚಿಕೆ ಬಿಟ್ಟು ಕೇಳಿ, ಕೊಡೋಕೆ ನಿಯಮದಲ್ಲಿ ಅವಕಾಶ ಇದೆ. ಒಪ್ಪಿಗೆ ಪತ್ರದ ಒಂದು ಪ್ರತಿ ನಿಮಗೆ ಸಿಗಬೇಕು. ಔಷಧಿಗಳನ್ನು ಹೋಲಿಸುವ ಸ್ಟಡಿ ಅಂತ ಗೊತ್ತಾದರೆ ಸಿಟಿಆರ್‌ಐ ನಂಬರ್ ಕೇಳಿ, ಅದು ಇಂಥ ಸ್ಟಡಿಗಳ ಸರಕಾರಿ ದಾಖಲೆ, 2007ರಿಂದ ಇದೆ, ಮೊಬೈಲಿನಲ್ಲಿ ಯಾರು ಬೇಕಾದರೂ ತೆಗೆದು ನೋಡಬಹುದು. ಕಂಪನಿಯ ಹೊಸ ಔಷಧಿಯ ಟ್ರಯಲ್ (ಪ್ರಯೋಗ) ಆದರೆ ಕೇಂದ್ರ ಸರಕಾರದ 2019ರ ನಿಯಮಗಳು ಇನ್ನೂ ಬಿಗಿ. ಟ್ರಯಲ್‌ನಿಂದ ತೊಂದರೆ ಆದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಕೊಡಬೇಕು.

ಕಾಗದದ ಕನ್ನಡ ಅರ್ಥ ಆಗದಿದ್ದರೆ ಅದು ನಿಮ್ಮ ತಪ್ಪಲ್ಲ. ಇಂಗ್ಲಿಷಿನಿಂದ ಪದಕ್ಕೆ ಪದ ಇಳಿಸಿರ್ತಾರೆ, "ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು" ಅಂತ. ಚೀಟಿ ಎತ್ತಿದ ಹಾಗೆ ಅಂದರೆ ಮುಗಿಯುತ್ತಿತ್ತು. ಬಾಯಿಮಾತಿನಲ್ಲಿ ಹೇಳಿ ಅಂತ ಕೇಳಿ. ಆಮೇಲೆ ಅಪ್ಪನಿಗೇ ಹೇಳೋಕೆ ಬಿಡಿ, ಏನು ತಿಳಿಯಿತು ಅಂತ. ಅಜ್ಜಿಯ ಆ ರಾತ್ರಿಯ ನಂತರ ನಾನು ಪ್ರತಿಯೊಬ್ಬರ ಹತ್ತಿರವೂ ಹಾಗೇ ಮಾಡಿದೆ.

ನಾನು ಸೇರಿಸುತ್ತಿದ್ದೆ ಅಂದಿದ್ದಕ್ಕೆ ಮುಖ್ಯ ಕಾರಣ ನಿಮ್ಮ ಅಪ್ಪನ ಕಿಡ್ನಿ. ಮಂಡಲ ಹಾವು ಕಚ್ಚಿ ಕಿಡ್ನಿ ನಿಂತು, ಡಯಾಲಿಸಿಸ್ ಆಗಿ, ಮತ್ತೆ ಮೂತ್ರ ಬಂದರೆ ಮನೆಯವರು ಗೆದ್ದೆವು ಅಂತ ಹೋಗಿಬಿಡ್ತಾರೆ. ಬಹಳ ಜನರಿಗೆ ನಿಜವಾಗಿಯೂ ಸರಿಹೋಗುತ್ತೆ. ಕೆಲವರಿಗೆ ಮಾತ್ರ ಕ್ರಿಯಾಟಿನಿನ್ ಪೂರ್ತಿ ಇಳಿಯಲ್ಲ, ಬಿಪಿ ಏರುತ್ತೆ, ಒಳಗೊಳಗೇ ಕಿಡ್ನಿ ಸೊರಗುತ್ತಾ ಹೋಗುತ್ತೆ. ನೋವಿಲ್ಲ, ಗೊತ್ತಾಗಲ್ಲ. ಇನ್ನು ಕೊಳಕುಮಂಡಲದ ವಿಷ ಕೆಲವೊಮ್ಮೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೂ ಪೆಟ್ಟು ಕೊಡುತ್ತೆ. ತಿಂಗಳುಗಳ ಮೇಲೆ ಸುಸ್ತು, ಚಳಿ ತಡೆಯೋಕೆ ಆಗದಿರೋದು, ಬಿಪಿ ಇಳಿಯೋದು ಶುರುವಾಗುತ್ತೆ. ಮನೆಯಲ್ಲಿ ವಯಸ್ಸಾಯ್ತು ಅಂತ ಸುಮ್ನೆ ಬಿಟ್ಟಿರ್ತಾರೆ. ರಕ್ತ ಪರೀಕ್ಷೆಯಲ್ಲಿ ಸಿಗುತ್ತೆ, ಮಾತ್ರೆ ತಗೊಳ್ತಾ ಇದ್ದರೆ ಹತೋಟಿಯಲ್ಲಿರುತ್ತೆ. ಸ್ಟಡಿಯಲ್ಲಿದ್ದರೆ ಒಬ್ಬ ಪಿಜಿ ದಿನಾಂಕ ನೆನಪಿಟ್ಟುಕೊಂಡು ಫೋನ್ ಮಾಡ್ತಾನೆ. ನಮ್ಮ ಕಡೆ ಮನೆಗೆ ಹೋದ ರೋಗಿಗೆ ಅಷ್ಟು ಮಾಡುವವರು ಬೇರೆ ಯಾರೂ ಇಲ್ಲ.

ಆದರೆ ಆ ಫೋನ್ ಎತ್ತಬೇಕು. ನನ್ನ ಥೀಸಿಸ್‌ನಲ್ಲಿ ಎಲ್ಲಕ್ಕಿಂತ ಕಷ್ಟ ಆಗಿದ್ದು ಅದೇ. ಒಂದು ನಂಬರ್ ಊರಿನ ಕಿರಾಣಿ ಅಂಗಡಿಯದು, ಇನ್ನೊಂದು ಗೋವಾಕ್ಕೆ ಕೆಲಸಕ್ಕೆ ಹೋದ ಅಳಿಯನದು. ಬಿತ್ತನೆ ಸಮಯದಲ್ಲಿ ಕರೆದರೆ ಯಾರೂ ಬರಲ್ಲ, ಬರಬೇಕು ಅನ್ನೋಕೆ ನನಗೂ ಬಾಯಿ ಬರುತ್ತಿರಲಿಲ್ಲ. ಅರ್ಧಕ್ಕೆ ಬಿಟ್ಟುಹೋದವರ ಕಿಡ್ನಿ ಏನಾಯಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅದು ಕೊರೆಯುತ್ತೆ.

ಬರೆದ ಥೀಸಿಸ್‌ಗಳು ಲೈಬ್ರರಿ ಕಪಾಟಿನಲ್ಲೇ ಉಳಿದುಬಿಡೋದೂ ಉಂಟು, ಅದನ್ನು ಮುಚ್ಚಿಡಲ್ಲ. ಆದರೂ 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸಿದಾಗ ನನಗೆ ತುಂಬಾ ಖುಷಿಯಾಯಿತು. ಎಷ್ಟು ಜನರಿಗೆ ಕಚ್ಚಿತು ಅಂತ ಅದರಿಂದ ಲೆಕ್ಕ ಸಿಗುತ್ತೆ. ಆರು ತಿಂಗಳ ಮೇಲೆ ಅವರು ಹೇಗಿದ್ದಾರೆ ಅನ್ನೋದು ಮಾತ್ರ ನಿಮ್ಮ ಅಪ್ಪನಂಥವರು ವಾಪಸ್ ಬಂದು ತೋರಿಸಿದರೇನೇ ಗೊತ್ತಾಗೋದು.

ಸ್ಟಡಿಗೆ ಸೇರಲಿ, ಬಿಡಲಿ, ಒಂದು ಕೆಲಸ ಮಾಡಿ. ಡಿಸ್ಚಾರ್ಜ್ ಕಾರ್ಡಿನ ಮೇಲೆ ಕೊನೆಯ ಕ್ರಿಯಾಟಿನಿನ್ ಎಷ್ಟು ಅಂತ ಬರೆಸಿಕೊಳ್ಳಿ. ಹುಬ್ಬಳ್ಳಿಗೆ ಬರೋಕೆ ಆಗದಿದ್ದರೆ ಒಂದು ತಿಂಗಳಿಗೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ರಾಣೆಬೆನ್ನೂರಿನಲ್ಲೋ ಹಾವೇರಿಯಲ್ಲೋ ಬಿಪಿ, ಮೂತ್ರ, ಕ್ರಿಯಾಟಿನಿನ್ ಮಾಡಿಸಿ, ಆ ಕಾರ್ಡ್ ಜೊತೆಗಿಟ್ಟುಕೊಂಡು ಡಾಕ್ಟರಿಗೆ ತೋರಿಸಿ. ಸೊಂಟ ನೋವು, ಕೀಲು ನೋವು ಅಂತ ಅಂಗಡಿಯಿಂದ ನೋವಿನ ಮಾತ್ರೆ ತಂದು ಕೊಡಬೇಡಿ, ಕಿಡ್ನಿಗೆ ಅವು ಆಗಲ್ಲ. ಮತ್ತೆ ಹೊಲಕ್ಕೆ ಹೋಗೋಕೆ ಶುರು ಮಾಡಿದಾಗ ಗಂಬೂಟು ಕೊಡಿಸಿ, ಸಂಜೆ ಮೇಲೆ ಹೋದರೆ ಬ್ಯಾಟರಿ ಹಿಡಿದೇ ಹೋಗಲಿ.